ಕಪ್ಪು ಮಸಿಯಲ್ಲಿ ಒಂದು ಮುಖ

ಸ್ಕಾಲರ್‌ಶಿಪ್ ಅರ್ಜಿಗೆ ಹಚ್ಚುವ ಆಧಾರ್ ಝೆರಾಕ್ಸ್ ನೋಡಿ. ಝೆರಾಕ್ಸಿನ ಝೆರಾಕ್ಸ್ ಆದರಂತೂ ಫೋಟೋದಲ್ಲಿ ಉಳಿಯುವುದು ಎರಡು ಕಪ್ಪು ಕಲೆ, ಒಂದು ಬಿಳಿ ಹಣೆ. ಯಾರೆಂದು ತಿಳಿಯದಿದ್ದರೂ ಮುಖವೆಂದು ತಿಳಿಯುತ್ತದೆ.

ಸ್ಕ್ರೀನ್ ಪ್ರಿಂಟ್ ಕಲಾವಿದರಿಗೆ ಇದೇ ಬಂಡವಾಳ. ಮದುವೆ ಕಾರ್ಡು, ಬಟ್ಟೆ ಚೀಲ ಅಚ್ಚು ಹಾಕುವ ವಿಧಾನವೇ ಅದು. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಗೆ, ಬೆಳಕು ಬಿದ್ದರೆ ಗಟ್ಟಿಯಾಗುವ ರಾಸಾಯನಿಕ ಹಚ್ಚುತ್ತಾರೆ. ಚಿತ್ರದ ಕಪ್ಪು ಭಾಗ ಬೆಳಕನ್ನು ತಡೆದ ಕಡೆ ಅದು ನೀರಿಗೆ ತೊಳೆದುಹೋಗುತ್ತದೆ. ರಬ್ಬರ್ ಪಟ್ಟಿಯಿಂದ ಎಳೆದ ಮಸಿ ಅಲ್ಲಿಂದ ಮಾತ್ರ ಕೆಳಗಿಳಿಯುತ್ತದೆ. ನಮ್ಮ ಬೀದರಿನ ಬಿದ್ರಿಯಲ್ಲಿ ಕಪ್ಪು ಲೋಹ, ಬಿಳಿ ಬೆಳ್ಳಿ ಇರುವ ಹಾಗೆ ಇಲ್ಲೂ ಎರಡೇ. ಬೂದು ಬೇಕಾದರೆ ಸಣ್ಣ ಚುಕ್ಕೆಗಳಿಂದ ಕಣ್ಣಿಗೆ ಮೋಸ ಮಾಡಬೇಕು.

1962ರ ಆಗಸ್ಟ್‌ನಲ್ಲಿ ನಟಿ ಮರ್ಲಿನ್ ಮನ್ರೋ ತೀರಿಕೊಂಡರು. ಅದೇ ವರ್ಷ ಅಮೆರಿಕದ ಆ್ಯಂಡಿ ವಾರ್‌ಹಾಲ್ ಅವರ ಒಂದೇ ಫೋಟೋವನ್ನು 50 ಸಲ ಅಚ್ಚು ಹಾಕಿದರು: 25 ಬಣ್ಣದಲ್ಲಿ, 25 ಕಪ್ಪು-ಬಿಳುಪಿನಲ್ಲಿ. ಬಣ್ಣದ್ದು ನನಗೆ ಸಿನಿಮಾ ಪೋಸ್ಟರಿನಂತೆ ಕಂಡಿತು, ಅಷ್ಟೇ. ಕಪ್ಪು-ಬಿಳುಪಿನ ಒಂದು ಸಾಲಿನಲ್ಲಿ ಮಸಿ ಹೆಚ್ಚಾಗಿ ಮುಖವೇ ಮುಳುಗಿದೆ. ಬಲತುದಿಗೆ ಬರುವಷ್ಟರಲ್ಲಿ ಮಸಿ ತೀರಾ ಕಡಿಮೆಯಾಗಿ ಮನ್ರೋ ಹೊಗೆಯಂತೆ ಮಾಸಿದ್ದಾರೆ. ಮದುವೆ ಕಾರ್ಡು ಹೀಗಾದರೆ ಗಿರಾಕಿ ವಾಪಸ್ ಕೊಡುತ್ತಾರೆ. ವಾರ್‌ಹಾಲ್ ಅದನ್ನೇ ಉಳಿಸಿಕೊಂಡರು.