ಮೊಬೈಲ್ ಸಂದೇಶ: ಯಾವ ಆ್ಯಪ್ ಎಷ್ಟು ಸುರಕ್ಷಿತ?



ಕೆಚ್ಚಲು ಬಾವು, ಚರ್ಮಗಂಟು ರೋಗದ ಲಕ್ಷಣ ಕಂಡ ಕೂಡಲೇ ಅಮದಳ್ಳಿಯಿಂದ ಅವರ್ಸಾದವರೆಗೆ ಅನೇಕರು ಆಕಳಿನ ಫೋಟೊ ಕಳಿಸುತ್ತೀರಿ. ಇದರಿಂದ ಚಿಕಿತ್ಸೆ ಬೇಗ ಶುರುವಾಗುತ್ತದೆ. ಆದರೆ ವಿಮೆ, ಹಾಲಿನ ಹಣ ಎಂದು ಅದೇ ಮೊಬೈಲ್‌ನಿಂದ ಆಧಾರ್, ಪಾಸ್‌ಬುಕ್ ಫೋಟೊಗಳೂ ಹೋಗುತ್ತವೆ. ಅವು ತಪ್ಪು ಕೈ ಸೇರಿದರೆ ನಷ್ಟ ನಮಗೇ. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 24-8-2017ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದಿದೆ. ಹಕ್ಕಿನ ಜೊತೆಗೆ ನಮ್ಮ ಎಚ್ಚರವೂ ಬೇಕು.

ಆ್ಯಪ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಸಂದೇಶವನ್ನು ನಡುವೆ ಯಾರಾದರೂ ಓದಬಹುದೇ? ಸಂಘದಲ್ಲಿ ಸೀಲ್ ಮಾಡಿದ ಕ್ಯಾನ್ ಡೇರಿಯಲ್ಲೇ ತೆರೆಯುವಂತೆ, ಕಳಿಸಿದವರು ಮತ್ತು ಪಡೆದವರು ಮಾತ್ರ ಓದಬಲ್ಲ ವ್ಯವಸ್ಥೆಗೆ ‘ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್’ ಎನ್ನುತ್ತಾರೆ.

• ವಾಟ್ಸ್ಆ್ಯಪ್: ಸ್ನೇಹಿತರು, ಮನೆಯವರ ನಡುವಿನ ಸಂದೇಶಗಳಿಗೆ 2016ರಿಂದ ಈ ಸೀಲ್ ಇದೆ. ಆದರೆ ಯಾರ ಜೊತೆ, ಯಾವಾಗ ಸಂಪರ್ಕಿಸಿದಿರಿ ಎಂಬಂಥ ವಿವರ ಕಂಪನಿಗೆ ಸಿಗುತ್ತದೆ. ಬ್ಯಾಕಪ್‌ಗೆ ಸೀಲ್ ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನಾವೇ ಆನ್ ಮಾಡಬೇಕು.
• ಟೆಲಿಗ್ರಾಂ: ‘ಸೀಕ್ರೆಟ್ ಚಾಟ್’ಗೆ ಮಾತ್ರ ಈ ಸೀಲ್. ಸಾಮಾನ್ಯ ಚಾಟ್ ಮತ್ತು ಗ್ರೂಪ್‌ಗಳಿಗೆ ಇಲ್ಲ.
• ಸಿಗ್ನಲ್: ಲಾಭರಹಿತ ಸಂಸ್ಥೆಯದು, ಉಚಿತ. ಎಲ್ಲ ಸಂದೇಶಗಳಿಗೂ ಸೀಲ್ ಇದೆ. ಬಳಕೆದಾರರ ವಿವರ ಇಟ್ಟುಕೊಳ್ಳುವುದು ತೀರಾ ಕಡಿಮೆ. ಆದರೆ ಎದುರಿನವರ ಬಳಿಯೂ ಇದೇ ಆ್ಯಪ್ ಇರಬೇಕು.

ಮನೆಯ ಗುಟ್ಟಿನ ಮಾತಿಗೆ, ದಾಖಲೆ ಕಳಿಸಲು ಸಿಗ್ನಲ್ ಉತ್ತಮ. ಊರವರೆಲ್ಲ ವಾಟ್ಸ್ಆ್ಯಪ್‌ನಲ್ಲೇ ಇರುವುದರಿಂದ ಅದನ್ನು ಬಿಡಬೇಕಾಗಿಲ್ಲ, ಜಾಗ್ರತೆಯಿಂದ ಬಳಸಿದರಾಯಿತು.

ಒಂದು ಮಾತು ನೆನಪಿಡಿ. ಆ್ಯಪ್ ಎಷ್ಟೇ ಒಳ್ಳೆಯದಿರಲಿ, ಇನ್ನೂರು ಜನರ ಗ್ರೂಪ್‌ಗೆ ಹಾಕಿದ್ದನ್ನು ಇನ್ನೂರು ಜನರೂ ನೋಡುತ್ತಾರೆ, ಮುಂದಕ್ಕೂ ಕಳಿಸಬಹುದು. ಆದ್ದರಿಂದ:

1. ಆಧಾರ್, ಪಾಸ್‌ಬುಕ್ ಗ್ರೂಪ್‌ಗೆ ಹಾಕಬೇಡಿ. ಸಂಘದ ಕಾರ್ಯದರ್ಶಿಗೆ ನೇರವಾಗಿ ಕೊಡಿ. ಕೊನೆಯ 4 ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಸಾಕಾಗುವಲ್ಲಿ ಅದನ್ನೇ ಬಳಸಿ.
2. ‘ಟು-ಸ್ಟೆಪ್ ವೆರಿಫಿಕೇಶನ್’ ಆನ್ ಮಾಡಿ, 6 ಅಂಕಿಯ ಪಿನ್ ಇಡಿ.
3. ಓಟಿಪಿ ಯಾರಿಗೂ ಹೇಳಬೇಡಿ, ನಮ್ಮ ಹೆಸರಿನಲ್ಲಿ ಕೇಳಿದರೂ ಸಹ.
4. ಸಬ್ಸಿಡಿ, ಸಾಲ ಎಂದು ಬರುವ ‘ಎಪಿಕೆ’ ಫೈಲ್ ತೆರೆಯಬೇಡಿ.

ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

– ಪಶುವೈದ್ಯಾಧಿಕಾರಿ