ಶಾಲೆಯ ವೈದ್ಯನ ಹೊಣೆ

ಶಾಲೆಯ ಮಕ್ಕಳನ್ನು ವೈದ್ಯರು ಪರೀಕ್ಷಿಸಬೇಕೆಂಬುದನ್ನು ಈಗ ಯಾರೂ ಅಲ್ಲಗಳೆಯರು. ಆದರೆ ಪರೀಕ್ಷೆಯಲ್ಲಿ ಕಂಡುಬಂದ ರೋಗವನ್ನು ಗುಣಪಡಿಸುವ ಹೊಣೆ ಯಾರದು? ತಂದೆತಾಯಿಗಳದೊ, ಸಮಾಜದ್ದೊ? ಈ ಪ್ರಶ್ನೆಗೆ ಇಂಗ್ಲೆಂಡು ದೇಶವು ಯಾವ ರೀತಿಯಲ್ಲಿ ಉತ್ತರವನ್ನು ಕಂಡುಕೊಂಡಿತೆಂಬುದನ್ನು ನಾವು ವಿಚಾರಮಾಡೋಣ.

ಅಲ್ಲಿ 1880ರಲ್ಲಿ ಶಾಲಾಹಾಜರಿಯು ಕಡ್ಡಾಯವಾಯಿತು. ಬಡವರ ಮಕ್ಕಳು ಶಾಲೆಗೆ ಬಂದು ಕುಳಿತಾಗ ಹಸಿವು, ಸೋರುವ ಕಿವಿ, ಮಂದದೃಷ್ಟಿ, ಹುಳುಕುಹಲ್ಲು ಇವೆಲ್ಲ ಉಪಾಧ್ಯಾಯರ ಕಣ್ಣಿಗೆ ಬಿದ್ದವು. ಆದರೆ ಸರ್ಕಾರವನ್ನು ಎಚ್ಚರಿಸಿದುದು ಮುಖ್ಯವಾಗಿ ಸೈನ್ಯದ ಚಿಂತೆ. 1899ರಿಂದ 1902ರ ವರೆಗೆ ನಡೆದ ಬೋಯರ್ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಬಂದ ಅನೇಕ ಯುವಕರು ದೇಹಬಲ ಸಾಲದೆ ಹಿಂದಿರುಗಬೇಕಾಯಿತು. ಹಲ್ಲು ಕೆಟ್ಟವರೂ ಅವರಲ್ಲಿದ್ದರು. ಇದನ್ನು ವಿಚಾರಿಸಿದ ಸಮಿತಿಯು 1904ರಲ್ಲಿ ಶಾಲೆಗಳಲ್ಲಿ ವೈದ್ಯಪರೀಕ್ಷೆ ನಡೆಯಬೇಕೆಂದು ಸಲಹೆಮಾಡಿತು. 1907ರ ಕಾನೂನು ಅದನ್ನು ಕಡ್ಡಾಯಗೊಳಿಸಿತು. ಡಾಕ್ಟರ್ ಜಾರ್ಜ್ ನ್ಯೂಮನ್ನರು ವಿದ್ಯಾ ಇಲಾಖೆಯ ಮುಖ್ಯ ವೈದ್ಯಾಧಿಕಾರಿಗಳಾದರು.

ಆದರೆ ಆ ಕಾನೂನಿನಲ್ಲಿ ಒಂದು ಕೊರತೆಯಿದ್ದಿತು. ಪರೀಕ್ಷೆ ಕಡ್ಡಾಯ, ಚಿಕಿತ್ಸೆ ಸ್ಥಳೀಯ ಸಂಸ್ಥೆಗಳ ಇಷ್ಟಕ್ಕೆ ಬಿಟ್ಟದ್ದು. ಮಗುವಿನ ದೋಷವನ್ನು ಬರೆದ ಚೀಟಿಯೊಂದು ಮನೆಗೆ ಹೋಗುತ್ತಿದ್ದಿತು. ದಿನಗೂಲಿಯಿಂದ ಬದುಕುವ ತಾಯಿ ವೈದ್ಯರಿಗೆ ಹಣವನ್ನು ಎಲ್ಲಿಂದ ತಂದಾಳು? ಧರ್ಮಾಸ್ಪತ್ರೆಯಲ್ಲಿ ಕಾದು ನಿಂತರೆ ಆ ದಿನದ ಕೂಲಿಗೆ ಎರವು. ಹೀಗಾಗಿ ಅನೇಕ ಮಕ್ಕಳ ರೋಗವು ಕಾಗದದ ಮೇಲೆ ದಾಖಲಾಯಿತೇ ಹೊರತು ಮೈಯಿಂದ ತೊಲಗಲಿಲ್ಲ.

ಹಲ್ಲಿನ ವಿಷಯದಲ್ಲಿ ಈ ಕೊರತೆಯು ಇನ್ನೂ ಸ್ಪಷ್ಟವಾಗಿದ್ದಿತು. ಸುಮಾರು ಆರನೆಯ ವರ್ಷದಲ್ಲಿ ಮೂಡುವ ದವಡೆಹಲ್ಲು ಶಾಶ್ವತವಾದುದು. ಅದು ಹಾಲುಹಲ್ಲಿನ ಹಿಂದೆ ಹುಟ್ಟುವುದರಿಂದ ತಂದೆತಾಯಿಗಳು ಅದನ್ನೂ ಬಿದ್ದುಹೋಗತಕ್ಕ ಹಲ್ಲೆಂದೇ ಭಾವಿಸುವುದುಂಟು. ಹುಳುಕು ಚಿಕ್ಕದಾಗಿರುವಾಗ ತುಂಬಿದರೆ ಹಲ್ಲು ಉಳಿಯುತ್ತದೆ. ನೋವು ಬರುವ ವರೆಗೆ ಕಾದರೆ ಅನೇಕ ವೇಳೆ ಕೀಳುವುದೊಂದೇ ದಾರಿ. ಆದುದರಿಂದ ಹಲ್ಲಿನ ವೈದ್ಯನು ಮಗುವಿಗೆ ಕೈಗೆಟಕುವಂತಿರಬೇಕು. ಇದನ್ನು ಮನಗಂಡ ಜಾರ್ಜ್ ಕನ್ನಿಂಗ್‌ಹ್ಯಾಮ್ ಎಂಬ ದಂತವೈದ್ಯರು 1907ರಲ್ಲಿ ಕೇಂಬ್ರಿಜ್ ನಗರದಲ್ಲಿ ಶಾಲಾಮಕ್ಕಳಿಗೆಂದೇ ದಂತ ಚಿಕಿತ್ಸಾಲಯವನ್ನು ಆರಂಭಿಸಿದರು. ಸೆಡ್ಲಿ ಟೇಲರ್ ಎಂಬ ವಿದ್ವಾಂಸರು ಧನಸಹಾಯ ಮಾಡಿದರು. ಮರುವರ್ಷ ಲಂಡನ್ನಿನ ಬಡವರ ಬಡಾವಣೆಯಾದ ಬೋ ಎಂಬಲ್ಲಿ ಮಾರ್ಗರೆಟ್ ಮ್ಯಾಕ್‌ಮಿಲನ್ನರು ಶಾಲಾಚಿಕಿತ್ಸಾಲಯವನ್ನು ತೆರೆದರು.

ಖಾಸಗಿಯವರು ಹಾಕಿದ ಈ ಮೇಲ್ಪಂಕ್ತಿಯನ್ನು ಕಾನೂನು ನಿಧಾನವಾಗಿ ಅನುಸರಿಸಿತು. 1918ರ ಶಾಸನವು ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಚಿಕಿತ್ಸೆಯ ಏರ್ಪಾಡನ್ನೂ ಕರ್ತವ್ಯವಾಗಿಸಿತು. 1944ರ ಶಾಸನವು ಸಾರ್ವಜನಿಕ ಶಾಲೆಗಳ ಎಲ್ಲ ವಿದ್ಯಾರ್ಥಿಗಳಿಗೂ ಅದು ಉಚಿತವಾಗಿ ದೊರೆಯುವಂತೆ ಮಾಡಿತು. 1974ರಲ್ಲಿ ಈ ಸೇವೆಯು ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಸೇರಿತು.

ಇದರಿಂದ ನಾವು ಗ್ರಹಿಸಬೇಕಾದುದು ಇಷ್ಟೆ. ರೋಗವನ್ನು ಗುರುತಿಸಿ ಸುಮ್ಮನಾಗುವುದು ಅರ್ಧ ಕೆಲಸ. ಮಗುವನ್ನು ಶಾಲೆಗೆ ಬರಲೇಬೇಕೆಂದು ವಿಧಿಸುವ ಸಮಾಜವು ಅದು ನೋವಿಲ್ಲದೆ ಕುಳಿತು ಕಲಿಯುವಂತೆ ನೋಡಿಕೊಳ್ಳುವುದೂ ನ್ಯಾಯವಷ್ಟೆ.