ಕಲ್ಲಿನ ಅಕ್ಷರ ಓದಿಸುವ ಎರಡನೇ ಫ್ಲಾಶ್

ಮಕ್ಕಳೇ, ಆದಿಕವಿ ಪಂಪನಿಗೆ ಜಿನವಲ್ಲಭ ಎಂಬ ತಮ್ಮನಿದ್ದ. ಇದು ನಮಗೆ ಗೊತ್ತಾದದ್ದು ನಮ್ಮ ತೆಲಂಗಾಣದ ಒಂದು ಬಂಡೆಯಿಂದ. ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಹತ್ತಿರ 10ನೇ ಶತಮಾನದಲ್ಲಿ ಜಿನವಲ್ಲಭ ಕೊರೆಸಿದ ಆ ಶಾಸನದಲ್ಲಿ ಕನ್ನಡ, ಸಂಸ್ಕೃತ, ತೆಲುಗು ಮೂರೂ ಇವೆ. ಅದರ ಅಕ್ಷರ ಸವೆದುಹೋಗಿದ್ದರೆ? ಪಂಪನ ಮನೆತನದ ಎಷ್ಟೋ ವಿಷಯ ನಮಗೆ ಸಿಗುತ್ತಿರಲಿಲ್ಲ.

ನಮ್ಮ ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸೀಮೆಗೆ ರಾಷ್ಟ್ರಕೂಟರ ಮಳಖೇಡವೂ ಚಾಲುಕ್ಯರ ಕಲ್ಯಾಣವೂ ದೂರವೇನಲ್ಲ. ಹಳೇ ಗುಡಿಯ ಹತ್ತಿರ ಅಕ್ಷರದ ಕಲ್ಲು ಕಂಡರೆ ಫೋಟೋ ತೆಗೆದಿಡಿ. ಆದರೆ ಹೇಗೆ ತೆಗೆಯಬೇಕು?

ಎದುರಿನ ಬೆಳಕು ಯಾಕೆ ಬೇಡ?

ಸಣ್ಣ ಡಿಜಿಟಲ್ ಕ್ಯಾಮೆರಾದಲ್ಲಿ ಫ್ಲಾಶ್ ಲೆನ್ಸಿನ ಪಕ್ಕದಲ್ಲೇ ಇರುತ್ತೆ. ಬೆಳಕು ನೇರವಾಗಿ ಕಲ್ಲಿಗೆ ಬಡಿದು ಗೆರೆಯ ತಳಕ್ಕೂ ಮುಟ್ಟುತ್ತೆ. ನೆರಳೇ ಇಲ್ಲದ ಮೇಲೆ ಅಕ್ಷರ ಕಾಣೋದು ಹೇಗೆ? ಬೆಳಕು ಪಕ್ಕದಿಂದ ಓರೆಯಾಗಿ ಬರಬೇಕು. ನಿಮ್ಮ ತ್ರಿಕೋನಮಿತಿ ಇಲ್ಲಿ ಕೆಲಸಕ್ಕೆ ಬರುತ್ತೆ. ಗೆರೆಯ ಆಳ 2 ಮಿ.ಮೀ. ಇರಲಿ. ಬೆಳಕು ಕಲ್ಲಿನ ಮೈಗೆ 45 ಡಿಗ್ರಿಯಲ್ಲಿ ಬಂದರೆ ನೆರಳಿನ ಉದ್ದ 2 ಮಿ.ಮೀ. 15 ಡಿಗ್ರಿಯಲ್ಲಿ ಬಂದರೆ 2 ÷ 0.27, ಅಂದರೆ ಸುಮಾರು 7.5 ಮಿ.ಮೀ. ಗೆರೆ ಅಷ್ಟು ಅಗಲ ಇಲ್ಲದಿದ್ದರೆ ಪೂರ್ತಿ ಕಪ್ಪಾಗಿ ಎದ್ದು ಕಾಣುತ್ತೆ.

ವೈರ್ ಇಲ್ಲದೆ ಹೊತ್ತುವ ಫ್ಲಾಶ್

ಇಂಥ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಹೊರಗಿನ ಫ್ಲಾಶ್ ಜೋಡಿಸಲು ಜಾಗವೇ ಇರಲ್ಲ. ಅದಕ್ಕೇ ಸ್ಲೇವ್ ಫ್ಲಾಶ್ ಬೇಕು. ಅದರಲ್ಲಿ ಬೆಳಕನ್ನು ಗುರುತಿಸುವ ಒಂದು ಸೆನ್ಸರ್ ಇದೆ. ಕ್ಯಾಮೆರಾದ ಫ್ಲಾಶ್ ಮಿಂಚಿದ ಕೂಡಲೇ ಸೆನ್ಸರಿನಲ್ಲಿ ವಿದ್ಯುತ್ ಹರಿದು, ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿ ಬಿಡುಗಡೆಯಾಗಿ ಇದೂ ಮಿಂಚುತ್ತೆ. ತಡವಾಗಲ್ವಾ? 3 ಮೀಟರ್ ದಾಟಲು ಬೆಳಕಿಗೆ ಬೇಕಾಗೋದು ಸೆಕೆಂಡಿನ 10 ಕೋಟಿಯಲ್ಲಿ ಒಂದು ಭಾಗ. ಶಟರ್ ಸೆಕೆಂಡಿನ 60ರಲ್ಲಿ ಒಂದು ಭಾಗ ತೆರೆದಿದ್ದರೂ ಧಾರಾಳ ಸಮಯವಿದೆ.

ಆದರೂ ಫೋಟೋ ಕಪ್ಪು!

ಸ್ಲೇವ್ ಮಿಂಚಿದ್ದನ್ನು ನೀವು ಕಣ್ಣಾರೆ ನೋಡಿರುತ್ತೀರಿ, ಫೋಟೋದಲ್ಲಿ ಮಾತ್ರ ಅದರ ಬೆಳಕಿಲ್ಲ. ಕಾರಣ ಇದು: ಎಷ್ಟು ಬೆಳಕು ಬೇಕೆಂದು ಅಳೆಯಲು ಡಿಜಿಟಲ್ ಕ್ಯಾಮೆರಾ ಮೊದಲು ಒಂದು ಸಣ್ಣ ಮಿಂಚು ಬಿಡುತ್ತೆ. ಇದೇ ಪ್ರೀ-ಫ್ಲಾಶ್. ನಮ್ಮ ಕಣ್ಣಿಗೆ ಎರಡೂ ಒಂದೇ ಅನ್ನಿಸುತ್ತೆ. ಸಾದಾ ಸ್ಲೇವ್ ಮೊದಲನೆಯದಕ್ಕೇ ಮಿಂಚಿ ಕೆಪಾಸಿಟರ್ ಖಾಲಿ ಮಾಡಿಕೊಳ್ಳುತ್ತೆ. ಶಟರ್ ತೆರೆಯುವಾಗ ಅದರ ಹತ್ತಿರ ಏನೂ ಉಳಿದಿರಲ್ಲ.

ಪರಿಹಾರ ಎರಡು. ಮೊದಲ ಮಿಂಚನ್ನು ಬಿಟ್ಟು ಎರಡನೆಯದಕ್ಕೆ ಹೊತ್ತುವ ಡಿಜಿಟಲ್ ಸ್ಲೇವ್ ಬಳಸಿ. ಇಲ್ಲವೇ ಕ್ಯಾಮೆರಾದಲ್ಲಿ ಮ್ಯಾನುಯಲ್ ಫ್ಲಾಶ್ ಇದ್ದರೆ ಅದನ್ನು ಆರಿಸಿ. ಎರಡರಲ್ಲೂ ರೆಡ್-ಐ ಸೆಟಿಂಗ್ ಆಫ್ ಇರಲಿ, ಅದೂ ಮುಂಚೆಯೇ ಬೆಳಕು ಬಿಡುತ್ತೆ. ಪರೀಕ್ಷೆ ಸುಲಭ: ಸ್ಲೇವನ್ನು ಕ್ಯಾಮೆರಾದ ಕಡೆ ತಿರುಗಿಸಿಟ್ಟು ಅದರದೇ ಫೋಟೋ ತೆಗೆಯಿರಿ. ಅದರ ಮುಖ ಬೆಳ್ಳಗೆ ಉರಿದಂತೆ ಕಂಡರೆ ಹೊಂದಿಕೆ ಸರಿ.

ಎಷ್ಟು ದೂರ ಇಡಬೇಕು?

ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. 1 ಮೀಟರ್ ಅಗಲದ ಕಲ್ಲಿನ ಹತ್ತಿರದ ಅಂಚಿಗೆ ಫ್ಲಾಶ್ 1 ಮೀಟರ್ ದೂರವಿದ್ದರೆ ಆಚೆ ಅಂಚಿಗೆ ಸುಮಾರು 2 ಮೀಟರ್: ಅಲ್ಲಿ ಕಾಲು ಭಾಗ ಬೆಳಕು. ಫ್ಲಾಶನ್ನು 3 ಮೀಟರಿಗೆ ಸರಿಸಿ. ಈಗ 3 ಮತ್ತು 4 ಮೀಟರ್: 9/16, ಅಂದರೆ ಅರ್ಧಕ್ಕಿಂತ ಹೆಚ್ಚು. ಬಿಸಿಲಲ್ಲಿ ಸೆನ್ಸರ್ ಮೋಸ ಹೋಗಬಹುದು, ಆದ್ದರಿಂದ ಸಂಜೆ ತೆಗೆಯಿರಿ. ಕ್ಯಾಮೆರಾದ ಫ್ಲಾಶ್ ಮುಂದೆ ಒಂದು ಬಿಳಿ ಕಾರ್ಡ್ ಓರೆಯಾಗಿ ಹಿಡಿದು, ಅದರ ಬೆಳಕನ್ನು ಕಲ್ಲಿಗೆ ಬಿಡದೆ ಸ್ಲೇವ್ ಕಡೆ ತಿರುಗಿಸಿ.

ಮಾಡಿ ನೋಡಿ

ಫ್ಲಾಶ್ ಇಲ್ಲವೇ? ಚಿಂತೆ ಬೇಡ. ಕತ್ತಲ ಕೋಣೆಯಲ್ಲಿ 10 ರೂಪಾಯಿ ನಾಣ್ಯಕ್ಕೆ ಮೊದಲು ಎದುರಿನಿಂದ, ಆಮೇಲೆ ಪಕ್ಕದಿಂದ ಟಾರ್ಚ್ ಬಿಡಿ. ಯಾವಾಗ ಅಕ್ಷರ ಚೆನ್ನಾಗಿ ಎದ್ದು ಕಾಣುತ್ತೆ, ಬರೆದಿಡಿ.

ಎಚ್ಚರಿಕೆ

ಫ್ಲಾಶ್ ಬಿಚ್ಚಬೇಡಿ. ಒಳಗಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತೆ, ಸೆಲ್ ತೆಗೆದ ಮೇಲೂ ಉಳಿದಿರುತ್ತೆ. ಶಾಸನಕ್ಕೆ ಸುಣ್ಣ, ಎಣ್ಣೆ, ಸೀಮೆಸುಣ್ಣ ಹಚ್ಚಬೇಡಿ, ಉಗುರಿನಿಂದಲೂ ಕೆರೆಯಬೇಡಿ. ಬೆಳಕು ಬಿಟ್ಟರೆ ಕಲ್ಲು ಸವೆಯಲ್ಲ. ತೆಗೆದ ಫೋಟೋಕ್ಕೆ ಊರ ಹೆಸರು, ತಾರೀಕು ಬರೆದು ನಿಮ್ಮ ಸಮಾಜ ವಿಜ್ಞಾನದ ಸರ್ ಅಥವಾ ಮೇಡಂಗೆ ತೋರಿಸಿ.